ದ್ರಾಕ್ಷಿ ಯಾಕೆ ಒಡೀತದೆ

ಗೋರಂಟ್ಲದ ಸುತ್ತಮುತ್ತ ಮಳೆ ಬೇಡ ಅನ್ನೋ ಮನುಷ್ಯ ಸಿಗೋದು ಅಪರೂಪ. ನಮ್ಮ ಅನಂತಪುರದ ಸೀಮೆಗೆ ವರ್ಷಕ್ಕೆ ಬೀಳೋದೇ 550 ಮಿಲಿಮೀಟರ್ ಆಸುಪಾಸು. ಚಿತ್ರಾವತಿಯಲ್ಲಿ ನಾನು ನೀರು ಕಂಡದ್ದಕ್ಕಿಂತ ಮರಳು ಕಂಡದ್ದೇ ಜಾಸ್ತಿ. ಮಳೆರಾಯನ್ನ ಕರೆಯೋ ಪದ ಹಾಡಿ ಹಾಡಿ ಗಂಟಲು ಕಟ್ಟಿಸಿಕೊಂಡೋನು ನಾನು. ಅಂಥವನೇ ಮಾರ್ಚ್ ತಿಂಗಳಲ್ಲಿ ಮೋಡ ಕಂಡರೆ ಬೈತೀನಿ. ಯಾಕಂದರೆ ನನ್ನದು ಒಂದು ಎಕರೆ ದ್ರಾಕ್ಷಿ, ಶರದ್ ತಳಿ. ಹಣ್ಣಿಗೆ ಬಣ್ಣ ಬಂದ ಮೇಲೆ ಒಂದು ಜೋರು ಮಳೆ ಬಿದ್ದರೆ ಬೆಳಗಾಗೋದ್ರೊಳಗೆ ಸಿಪ್ಪೆ ಸೀಳಿರ್ತದೆ. ತೆಲುಗಿನೋರು ಪಗುಳು ಅಂತಾರೆ, ನಾವು ಒಡಕು ಅಂತೀವಿ.

ಮೂರು ವರ್ಷದ ಹಿಂದೆ ಬೋರಿನ ಮೋಟರ್ ಸುಟ್ಟುಹೋಗಿ ಎಂಟು ದಿನ ಗಿಡಕ್ಕೆ ನೀರಿಲ್ಲ. ಒಂಬತ್ತನೇ ದಿನ ರಾತ್ರಿಯೆಲ್ಲಾ ಮಳೆ. ಬೆಳಿಗ್ಗೆ ನೋಡಿದರೆ ಗೊನೆಗೆ ಹತ್ತು ಹದಿನೈದು ಹಣ್ಣು ಬಾಯಿ ಬಿಟ್ಕೊಂಡಿದ್ದವು. ಮಧ್ಯಾಹ್ನಕ್ಕೆ ನೊಣ, ಕಣಜ. ನಾಲ್ಕನೇ ದಿನಕ್ಕೆ ತೋಟವೆಲ್ಲಾ ಹುಳಿ ವಾಸನೆ. ಮುಂಗಡ ಕೊಟ್ಟಿದ್ದ ವ್ಯಾಪಾರಿ ಬದುವಿನ ಮೇಲೇ ನಿಂತು ರೇಟು ಅರ್ಧ ಮಾಡಿದ. ದೃಷ್ಟಿ ತಗುಲಿದೆ, ಬೂದುಗುಂಬಳ ಕಟ್ಟು ಅಂದ್ಲು ನಮ್ಮಕ್ಕ. ಕಟ್ಟಿದೆ, ಹಿರಿಯಳ ಮಾತು. ಆದರೆ ಬೇಲಿಯಾಚೆ ಬೆಂಗಳೂರು ನೀಲಿ ದ್ರಾಕ್ಷಿ ಅದೇ ಮಳೆಯಲ್ಲಿ ನೆನೆದು ಗುಂಡುಗುಂಡಾಗಿ ನಿಂತಿತ್ತು. ದೃಷ್ಟಿಯೇನು ಬೇಲಿ ನೋಡ್ಕೊಂಡು ತಗುಲ್ತದಾ?

ವಿಷಯ ಇರೋದು ಸಿಪ್ಪೆಯಲ್ಲಿ. ಕಾಯಿ ಎಳೇದಾಗಿದ್ದಾಗ ತಿರುಳಿನ ಜೊತೆಗೇ ಸಿಪ್ಪೆಯೂ ಬೆಳೀತದೆ. ಮೆತ್ತಗಾಗಿ ಬಣ್ಣ ತಿರುಗಿದ ಮೇಲೆ ಒಳಗೆ ಸಕ್ಕರೆ ತುಂಬ್ತದೆ, ಸಿಪ್ಪೆ ಮಾತ್ರ ಹೊಸದಾಗಿ ಬೆಳೆಯಲ್ಲ, ಇದ್ದದ್ದೇ ಹಿಗ್ತದೆ. ಸಕ್ಕರೆ ಇರೋ ಕಡೆಗೆ ನೀರು ಓಡ್ತದೆ. ಬೇರಿನಿಂದ ಬರೋದು ಒಂದು. ಹಣ್ಣಿನ ಮೇಲೆ ನಿಂತ ಹನಿ ಸಿಪ್ಪೆಯಿಂದಲೂ ತೊಟ್ಟಿನ ಬುಡದಿಂದಲೂ ಒಳಕ್ಕೆ ಇಳಿಯೋದು ಇನ್ನೊಂದು. ಮೋಡ ಮುಚ್ಚಿದಾಗ ಎಲೆ ನೀರನ್ನ ಗಾಳಿಗೆ ಬಿಡೋದೂ ಕಮ್ಮಿ. ಒಳಗಿನ ಒತ್ತಡ ತಡೀಲಾರದೆ ಸಿಪ್ಪೆ ಸೀಳ್ತದೆ. ನಂಬಿಕೆ ಇಲ್ಲದಿದ್ದರೆ ಮಾಗಿದ ಹಣ್ಣು ನಾಲ್ಕನ್ನ ಬರೀ ನೀರಿನ ಲೋಟದಲ್ಲಿ, ನಾಲ್ಕನ್ನ ಗಟ್ಟಿ ಬೆಲ್ಲದ ನೀರಲ್ಲಿ ರಾತ್ರಿ ಇಟ್ಟು ನೋಡಿ. ಒಡೆಯೋದು ಬರೀ ನೀರಿನಲ್ಲೇ ಜಾಸ್ತಿ. ಮೇಷ್ಟ್ರುಗಳು ಮಕ್ಕಳ ಕೈಲಿ ಮಾಡಿಸಬಹುದು, ಖರ್ಚೇನಿಲ್ಲ.

ಬೆಂಗಳೂರು ನೀಲಿಯಲ್ಲಿ ಅಮೆರಿಕದ ದ್ರಾಕ್ಷಿಯ ರಕ್ತ ಇದೆ. ಸಿಪ್ಪೆ ದಪ್ಪ. ಹಿಚುಕಿದರೆ ತಿರುಳು ಜಾರಿ ಬಾಯಿಗೆ ಬೀಳ್ತದೆ, ಸಿಪ್ಪೆ ಬೆರಳಲ್ಲೇ ಉಳೀತದೆ. 2013ರಲ್ಲಿ ಅದಕ್ಕೆ ಸರ್ಕಾರದ ಭೌಗೋಳಿಕ ಗುರುತೂ ಸಿಕ್ಕಿತು. ಪೇಟೆಯವರಿಗೆ ಮಾತ್ರ ಅದು ಸೇರಲ್ಲ, ಬೀಜ ಉಗೀಬೇಕು, ಸಿಪ್ಪೆ ಉಗೀಬೇಕು. ನಮ್ಮ ಶರದ್ ಸೋಲಾಪುರ ಜಿಲ್ಲೆ ನನ್ನಜದಲ್ಲಿ ಕಿಶ್ಮಿಶ್ ಚೋರ್ನಿ ಅನ್ನೋ ತಳಿಯಿಂದ ಹುಟ್ಟಿದ್ದು. ಬೀಜ ಇಲ್ಲ, ಸಿಪ್ಪೆ ತೆಳು, ಕಚ್ಚಿದರೆ ಕರಕ್ ಅಂತದೆ. ರೇಟು ಬರೋದು ಅದಕ್ಕೇ, ಒಡೆಯೋದೂ ಅದಕ್ಕೇ. ತಮಟೆಗೂ ತೆಳು ಚರ್ಮ ಬಿಗಿದರೆ ನಾದ ಚೆಂದ, ಹರಿಯೋದೂ ಬೇಗ.

ಆದರೂ ಎಲ್ಲಾ ತಳಿ ಮೇಲೇ ಹಾಕೋದು ನ್ಯಾಯ ಅಲ್ಲ. ಎಳೇ ಕಾಯಿಗೆ ಬೂದಿ ರೋಗ ತಗುಲಿದರೆ ಆ ಜಾಗದ ಸಿಪ್ಪೆ ಸತ್ತು ಹಿಗ್ಗೋ ಗುಣ ಕಳಕೊಳ್ತದೆ, ಆಮೇಲೆ ಮಳೆ ಇಲ್ಲದೆಯೂ ಒಡೀತದೆ. ಗೊನೆ ಒತ್ತೊತ್ತಾಗಿದ್ದರೆ ಹಣ್ಣು ಹಣ್ಣನ್ನೇ ಒತ್ತಿ ಸೀಳ್ತದೆ. ಕಾಯಿ ಚಿಕ್ಕದಿದ್ದಾಗಲೇ ಕತ್ತರಿ ಹಿಡಿದು ಬಿಡಿಸಬೇಕು. ಕಾಯಿ ಕತ್ತರಿಸಿ ಬಿಸಾಕೋವಾಗ ಹೊಟ್ಟೆ ಉರೀತದೆ, ನನ್ನ ಹೆಂಡತಿ ಆ ಕಡೆ ತಲೆ ಹಾಕಲ್ಲ.

ಈಗ ಬಣ್ಣ ತಿರುಗಿದಾಗಿಂದ ಕಟಾವಿನವರೆಗೂ ಡ್ರಿಪ್ಪಲ್ಲಿ ದಿನಾ ಸ್ವಲ್ಪ ಸ್ವಲ್ಪವೇ ನೀರು. ಒಣಗಿಸಿ ಒಮ್ಮೆಲೇ ಕುಡಿಸೋದಿಲ್ಲ. ಮಳೆ ನಿಂತ ತಕ್ಷಣ ಚಪ್ಪರದ ತಂತಿ ಅಲ್ಲಾಡಿಸಿ ಹನಿ ಉದುರಿಸ್ತೀವಿ, ರಾತ್ರಿ ಎರಡು ಗಂಟೆಯಾದರೂ ಸರಿ. ಹೋದ ವರ್ಷ ಒಡಕು ಬಂದರೂ ವ್ಯಾಪಾರಿ ರೇಟು ಇಳಿಸೋ ಮಟ್ಟಕ್ಕೆ ಬರಲಿಲ್ಲ.

ಅರ್ಧ ಎಕರೆ ಕಿತ್ತು ಬೆಂಗಳೂರು ನೀಲಿ ಹಾಕೋಣ ಅಂತಾನೆ ಮಗ. ದುಡ್ಡು ಕಮ್ಮಿ ಬಂದರೂ ನಿದ್ದೆ ಬರ್ತದಲ್ಲಪ್ಪಾ ಅಂತ ಅವನ ವಾದ. ಕಲ್ಲುಕಂಬ, ತಂತಿ ಹೆಂಗೂ ಇದಾವೆ. ಅಕ್ಟೋಬರ್ ಪ್ರೂನಿಂಗ್‌ಗೆ ಮುಂಚೆ ತೀರ್ಮಾನ ಮಾಡ್ಬೇಕು.