ಕೆಂಪಿಯ ಎಲುಬಿನ ಸುಣ್ಣ

ನಮ್ಮ ಕಲಬುರಗಿ ಕಡೆ ಸುಣ್ಣಕ್ಕೇನೂ ಬರವಿಲ್ಲ. ಶಹಾಬಾದಿನ ಪರ್ಸಿ ಹಾಸುಗಲ್ಲು ಸುಣ್ಣದ ಕಲ್ಲೇ. ವಾಡಿ, ಸೇಡಂ, ಮಳಖೇಡದ ಸಿಮೆಂಟ್ ಕಾರ್ಖಾನೆಗಳು ಉಣ್ಣುವುದೂ ಅದನ್ನೇ. ಕೋಳಿ ತತ್ತಿಯ ಓಡಿನಲ್ಲಿ ಶೇ. 95ರಷ್ಟು ಇರುವುದು ಅದೇ ಪದಾರ್ಥ, ಕ್ಯಾಲ್ಸಿಯಂ ಕಾರ್ಬೊನೇಟ್. ಇಂಥ ಸೀಮೆಯ ಒಂದು ಅಂಚಿನಲ್ಲಿ, ಕುಂಚಾವರಂನ ಕೆಂಪು ಗುಡ್ಡದ ಮೇಲೆ, ನಮ್ಮ ಮನೆಯ ಕೋಳಿ ಕೆಂಪಿ ಸುಣ್ಣ ಸಾಲದೆ ಸಾಯುವ ಹಾಗಾಗಿದ್ದಳು.

ಕೆಂಪಿ ಪೂರಾ ಜವಾರಿಯಲ್ಲ. ಹೆಬ್ಬಾಳದ ಪಶುವೈದ್ಯ ಕಾಲೇಜಿನಲ್ಲಿ ರೂಪುಗೊಂಡ ಗಿರಿರಾಜ ತಳಿಯ ರಕ್ತ ಅವಳಲ್ಲಿ ಬೆರೆತಿದೆ. ಜವಾರಿ ಕೋಳಿ ಒಂದಿಷ್ಟು ತತ್ತಿ ಇಟ್ಟು ಕಾವಿಗೆ ಕೂತುಬಿಡುತ್ತದೆ, ಮೈಗೆ ಬಿಡುವು ಸಿಗುತ್ತದೆ. ಹೆಚ್ಚು ತತ್ತಿ ಇಡುವ ತಳಿಗೆ ಆ ಬಿಡುವು ಕಡಿಮೆ. ಒಂದೊಂದು ಓಡಿಗೂ ಎರಡು ಗ್ರಾಂನಷ್ಟು ಕ್ಯಾಲ್ಸಿಯಂ ಬೇಕು. ಓಡು ಕಟ್ಟುವ ಕೆಲಸವೊಂದೇ ಇಪ್ಪತ್ತು ತಾಸು ಹಿಡಿಯುತ್ತದೆ, ಅದರಲ್ಲಿ ಬಹುಪಾಲು ರಾತ್ರಿ, ಕೋಳಿ ಮಲಗಿರುವಾಗ. ತಿಂದ ಕಾಳಿನಲ್ಲಿ ಸಾಕಷ್ಟು ಸಿಗದಿದ್ದರೆ ಅವಳು ತನ್ನ ಎಲುಬಿನಿಂದಲೇ ತೆಗೆದು ಕೊಡುತ್ತಾಳೆ. ನಾವು ಹಾಕುತ್ತಿದ್ದುದು ಜೋಳದ ನುಚ್ಚು. ಅದರಲ್ಲಿ ಕಸುವಿದೆ, ಕ್ಯಾಲ್ಸಿಯಂ ಮಾತ್ರ ಇಲ್ಲವೆನ್ನುವಷ್ಟು ಕಡಿಮೆ.

ಮೊದಲು ತತ್ತಿ ತೆಳುವಾಯಿತು. ಆಮೇಲೊಂದು ದಿನ ಓಡೇ ಇಲ್ಲದ ತತ್ತಿ ಬಿತ್ತು. ಅಂಗೈಯಲ್ಲಿ ಹಿಡಿದರೆ ನೀರು ತುಂಬಿದ ಬಲೂನಿನಂತೆ ಒಳಗಿನದೆಲ್ಲ ಅಲುಗಾಡುತ್ತಿತ್ತು. ಬೇಸಿಗೆ ಬೇರೆ. ಕೋಳಿಗೆ ಬೆವರು ಬರುವುದಿಲ್ಲ, ಬಾಯಿ ತೆರೆದು ಏದುತ್ತದೆ. ಹಾಗೆ ಏದುವಾಗ ರಕ್ತದೊಳಗಿನ ಇಂಗಾಲದ ಡೈಆಕ್ಸೈಡ್ ಹೊರಗೆ ಹೋಗಿ, ಓಡಿಗೆ ಬೇಕಾದ ಕಾರ್ಬೊನೇಟ್ ಕಡಿಮೆ ಬೀಳುತ್ತದೆ. ಕಲಬುರಗಿ ಜಿಲ್ಲೆಯ ಬಿಸಿಲು ತತ್ತಿಯ ಓಡನ್ನೂ ತೆಳ್ಳಗೆ ಮಾಡುತ್ತದೆ ಎಂದರೆ ಅದು ಅಕ್ಷರಶಃ ನಿಜ.

ಮುಂದೆ ತತ್ತಿ ಒಳಗೇ ಸಿಕ್ಕಿಕೊಂಡಿತು. ಕ್ಯಾಲ್ಸಿಯಂ ಇಲ್ಲದಿದ್ದರೆ ಸ್ನಾಯುಗಳಿಗೂ ತಳ್ಳುವ ಬಲ ಇರುವುದಿಲ್ಲ. ಕೆಂಪಿ ಮೈಯ ಪುಕ್ಕವೆಲ್ಲ ಉಬ್ಬಿಸಿಕೊಂಡು, ಎದೆ ಎತ್ತಿ ನೆಟ್ಟಗೆ ನಿಂತಿದ್ದಳು. ಉಸಿರಿಗೊಮ್ಮೆ ಬಾಲ ಏಳುತ್ತಿತ್ತು, ಇಳಿಯುತ್ತಿತ್ತು. ಜುಟ್ಟಿನ ಕೆಂಪು ಹೋಗಿತ್ತು, ಕಣ್ಣು ಅರೆ ಮುಚ್ಚಿದ್ದವು. ಪಕ್ಕದ ಮನೆಯ ಕಾಕಿ ಬಂದು ನೋಡಿ, “ಏನ್ ನೋಡ್ಕೋತ ಕುಂತಿದಿ? ಇದರ ಕಥಿ ಮುಗೀತು. ಸಾಯೋದ್ರಾಗ ಕೊಯ್ದ್ರ ಸಾರಾದ್ರೂ ಆಗ್ತದ,” ಅಂದಳು. ಕಾಕಿ ಕೆಟ್ಟವಳಲ್ಲ. ತತ್ತಿ ಇಡದ ಕೋಳಿಗೆ ಕಾಳು ಹಾಕುವುದು ಎಲ್ಲರ ಕೈಲಾಗುವ ಮಾತಲ್ಲ ಎಂಬುದೂ ನನಗೆ ಗೊತ್ತು. ಆದರೆ ತನ್ನ ಎಲುಬು ಕರಗಿಸಿ ನಮ್ಮ ಮನೆಯ ತಾಟಿಗೆ ಬಡಿಸಿದವಳನ್ನು ಬಲ ಹೋದ ಹೊತ್ತಿಗೆ ಕೊಯ್ಯುವುದು ನನ್ನ ಮನಸ್ಸಿಗೆ ಬರಲಿಲ್ಲ.

ಪಶುವೈದ್ಯರು ಫೋನಿನಲ್ಲಿ ಹೇಳಿದ್ದು ಇಷ್ಟು: ಹೊಟ್ಟೆ ಒತ್ತಬೇಡಿ, ಒಳಗೆ ತತ್ತಿ ಒಡೆದರೆ ಕೋಳಿ ಉಳಿಯುವುದು ಕಷ್ಟ, ಬೆಚ್ಚಗಿನ ನೀರಿನಲ್ಲಿ ಕೂಡಿಸಿ, ಕ್ಯಾಲ್ಸಿಯಂ ಔಷಧ ಕುಡಿಸಿ, ಇಳಿಯದಿದ್ದರೆ ತಡಮಾಡದೆ ದವಾಖಾನೆಗೆ ತನ್ನಿ. ಬುಟ್ಟಿಯಷ್ಟಗಲದ ಬೋಗಾಣಿಯಲ್ಲಿ ಕೈ ತಡೆಯುವಷ್ಟು ಬಿಸಿ ನೀರು ಹಾಕಿ, ಹೊಟ್ಟೆ ಮುಳುಗುವಂತೆ ಅವಳನ್ನು ಕೂಡಿಸಿದೆ. ಮೊದಲು ಒದ್ದಾಡಿದಳು. ಆಮೇಲೆ ಬಿಸಿ ಮೈಗೆ ಇಳಿದಂತೆ ಕುತ್ತಿಗೆ ಸಡಿಲ ಬಿಟ್ಟು ನನ್ನ ಮುಂಗೈ ಮೇಲೆ ಗದ್ದ ಇಟ್ಟಳು. ಒರೆಸಿ, ತತ್ತಿ ಬೀಳುವ ದ್ವಾರಕ್ಕೆ ಕೊಬ್ಬರಿ ಎಣ್ಣೆ ಸವರಿ, ಗೋಣಿತಾಟು ಹಾಸಿದ ಬುಟ್ಟಿಯಲ್ಲಿಟ್ಟು ಕತ್ತಲೆ ಕೋಣೆಯ ಬಾಗಿಲು ಮುಂದೆ ಮಾಡಿದೆ. ಸಂಜೆಗೆ ತತ್ತಿ ಬಿದ್ದಿತ್ತು. ಓಡು ಮರಳು ಮರಳಾಗಿತ್ತು, ಒಂದು ಬದಿಯಲ್ಲಿ ರಕ್ತದ ಗೆರೆ.

ಅಂದಿನಿಂದ ಅವಳ ಊಟದ ಕ್ರಮವೇ ಬೇರೆ. ಮನೆಯಲ್ಲಿ ಒಡೆದ ತತ್ತಿಯ ಓಡನ್ನು ತೊಳೆದು, ಒಣಗಿಸಿ, ಹಂಚಿನ ಮೇಲೆ ಹುರಿದು, ಒರಟಾಗಿ ಕುಟ್ಟಿ ಸಂಜೆ ಹೊತ್ತು ಇಡುತ್ತೇನೆ. ನುಣ್ಣಗಿನ ಪುಡಿ ಬೇಗ ಸಾಗಿಹೋಗುತ್ತದೆ. ಒರಟು ಚೂರಾದರೆ ಕಲ್ಲುಚೀಲದಲ್ಲಿ ಉಳಿದು ರಾತ್ರಿಯೆಲ್ಲ ಮೆಲ್ಲಗೆ ಕರಗುತ್ತದೆ, ಓಡು ಕಟ್ಟುವ ಹೊತ್ತಿಗೇ ಒದಗುತ್ತದೆ. ಎಲೆಗೆ ಹಚ್ಚುವ ಸುಣ್ಣ ಮಾತ್ರ ಕೊಡಬಾರದು, ಬಾಯಿ ಗಂಟಲು ಸುಡುತ್ತದೆ. ನುಗ್ಗೆಸೊಪ್ಪು ದಿನಾ ಇದೆ. ಮಧ್ಯಾಹ್ನ ಬೇವಿನ ನೆರಳಲ್ಲಿ ಮಣ್ಣಿನ ಬಟ್ಟಲಿನ ತಣ್ಣನೆ ನೀರು; ಕಾಳು ಬಿಸಿಲೇರುವ ಮುಂಚೆ, ಇಲ್ಲವೇ ಇಳಿದ ಮೇಲೆ.

ತತ್ತಿ ಈಗ ಅಪರೂಪ, ಇಟ್ಟರೆ ಓಡು ಗಟ್ಟಿ. ಹೋದ ತಿಂಗಳು ಕೆಂಪಿ ಕಾವಿಗೆ ಕೂತಳು. ಹೀಗೆ ಕೂತ ಕೋಳಿಯನ್ನು ನೀರಲ್ಲಿ ಅದ್ದಿ, ಮೂಗಿಗೆ ಪುಕ್ಕ ಚುಚ್ಚಿ ಎಬ್ಬಿಸುವ ರೂಢಿ ಉಂಟು, ಮತ್ತೆ ಬೇಗ ತತ್ತಿ ಇಡಲಿ ಎಂದು. ಆ ಹಿಂಸೆ ನನಗೆ ಬೇಡ. ಕಾವಿಗೆ ಕೂತಷ್ಟು ದಿನ ತತ್ತಿಯಿಲ್ಲ, ಎಲುಬಿಗೆ ಸುಣ್ಣ ಮರಳಿ ಸೇರಲು ಅದೇ ಹೊತ್ತು. ಹಾಗೇ ಬಿಟ್ಟೆ. ಸುದ್ದಿ ತಿಳಿದ ಕಾಕಿ ಮಡಿಲಲ್ಲಿ ತತ್ತಿ ಕಟ್ಟಿಕೊಂಡು ಬಂದಳು. “ನಮ್ಮ ಕೋಳಿ ತತ್ತಿ ಇಡ್ಲತ್ತಾದ, ಕಾವಿಗೆ ಕೂಡವಲ್ದು. ಇದರ ಬುಡಕ ಇಡು. ಮರಿಯಾದ್ರ ಅರ್ಧ ನಿನಗ, ಅರ್ಧ ನನಗ.”

ನಾನು ಒಪ್ಪಿಕೊಂಡೆ.