ಅಟ್ಟದಿಂದ ಇಳಿದ ಕುಂಯ್ ಯಂತ್ರಗಳು

ಯುಗಾದಿಗೆ ಸುಣ್ಣ ಹೊಡೆಸೋಕೆ ಮುಂಚೆ ಅಟ್ಟ ಖಾಲಿ ಮಾಡು ಅಂತ ಅವ್ವನ ಆಜ್ಞೆ. ಹತ್ತಿ ಇಳಿಸಿದೆ. ಎರಡು ಮೆಟಲ್ ಡಿಟೆಕ್ಟರ್, ಮೂರು ಕಾಯಿಲ್, ಒಂದು ಪಿನ್‌ಪಾಯಿಂಟರ್, ಎರಡು ಹೆಡ್‌ಫೋನ್, ಒಂದು ಪುಟ್ಟ ಸಲಿಕೆ. ಬೋರ್‌ವೆಲ್ ಮೋಟರ್ ಬೇರೆ ಸುಟ್ಟು ಕೂತಿತ್ತು. ಹೆಚ್ಚಿಗೆ ಇರೋದನ್ನ ಮಾರಿದರೆ ರಿವೈಂಡಿಂಗ್ ಖರ್ಚಾದರೂ ಹುಟ್ಟುತ್ತೆ ಅಂದುಕೊಂಡೆ.

ಇದೆಲ್ಲ ಇಂಗ್ಲೆಂಡಿನಲ್ಲಿ ಕೆಲಸಕ್ಕಿದ್ದಾಗ ಹಿಡಿದ ಹುಚ್ಚು. 2009ರಲ್ಲಿ ಸ್ಟಾಫರ್ಡ್‌ಶೈರ್‌ನ ಹೊಲವೊಂದರಲ್ಲಿ ಟೆರ್ರಿ ಹರ್ಬರ್ಟ್ ಎಂಬ ಹವ್ಯಾಸಿಗೆ ಆಂಗ್ಲೋ-ಸ್ಯಾಕ್ಸನ್ ಕಾಲದ ಚಿನ್ನ ಸಿಕ್ಕಿ, ಅದಕ್ಕೆ 32.85 ಲಕ್ಷ ಪೌಂಡ್ ಬೆಲೆ ಕಟ್ಟಿದ್ದರು. ನಾನೂ ಒಂದು ಗ್ಯಾರೆಟ್ ಏಸ್ 250 ಕೊಂಡೆ. ನನಗೆ ಸಿಕ್ಕಿದ್ದು ಮೊಳೆ, ಅಂಗಿ ಗುಂಡಿ, ನಾಲ್ಕು ಪೆನ್ನಿ :-) ಅಲ್ಲಿ ಹೊಲದವನ ಒಪ್ಪಿಗೆ ಪಡೆದು ಹುಡುಕಬಹುದು. ನಿಧಿ ಅನ್ನಿಸಿದ್ದು ಸಿಕ್ಕರೆ 14 ದಿನದೊಳಗೆ ಕರೋನರ್ ಎಂಬ ಅಧಿಕಾರಿಗೆ ತಿಳಿಸಬೇಕು.

ನಮ್ಮ ಹರದನಹಳ್ಳಿ ಹಾಗಲ್ಲ. ದಿವ್ಯಲಿಂಗೇಶ್ವರನ ಗುಡಿ ಇರುವ ಊರು, ತೋಂಟದ ಸಿದ್ಧಲಿಂಗೇಶ್ವರರು ಹುಟ್ಟಿದ ಊರು. ಇಲ್ಲಿ ಕೋಲು ಹಿಡಿದು ಓಡಾಡಿದರೆ ಜನ ಏನಂದುಕೊಳ್ಳಬೇಕು? ನಿಧಿಗೆ ನಮ್ಮ ರಾಜ್ಯದ್ದೇ 1962ರ ಕಾಯ್ದೆ ಇದೆ. 1972ರ ಕೇಂದ್ರ ಕಾಯ್ದೆಯಲ್ಲಿ ನೂರು ವರ್ಷ ದಾಟಿದ ನಾಣ್ಯ, ವಿಗ್ರಹಗಳೆಲ್ಲ ಪುರಾವಸ್ತು. ಹಾಗಾಗಿ ಎಲ್ಲ ಅಟ್ಟ ಸೇರಿತ್ತು.

ಒಂದೇ ಒಂದು ಸಲ ಇಳಿದಿತ್ತು. ಅರಿಶಿನದ ಹೊಲದಲ್ಲಿ ಕಳೆ ಕೀಳುವಾಗ ಚಿಕ್ಕವ್ವನ ತಾಳಿಯ ಒಂದು ಬೊಟ್ಟು ಬಿದ್ದುಹೋಗಿ, ಎರಡು ದಿನ ಅನ್ನ ಬಿಟ್ಟು ಕೂತಿದ್ದಳು. ದೊಡ್ಡ ಕಾಯಿಲ್ ಹಾಕಿದರೆ ಬರೀ ಗಲಾಟೆ. ನಾಲ್ಕೂವರೆ ಇಂಚಿನ ಚಿಕ್ಕದನ್ನು ಹಾಕಿದೆ. ಪುಟ್ಟ ಚಿನ್ನಕ್ಕೂ ಮಾತ್ರೆ ಸುತ್ತಿದ ಬೆಳ್ಳಿಹಾಳೆಗೂ ಯಂತ್ರ ಹೆಚ್ಚುಕಮ್ಮಿ ಒಂದೇ ಥರ ಕೂಗುತ್ತೆ. ಕಸ ಬೇಡ ಅಂತ ಆ ಸದ್ದು ಬಂದ್ ಮಾಡಿದರೆ ಚಿನ್ನವೂ ಹೋಯ್ತು. ಅದಕ್ಕೇ ಕೂಗಿದ್ದನ್ನೆಲ್ಲ ಅಗೆದೆ. ಸೋಡಾ ಮುಚ್ಚಳ, ತಂತಿ, ಗುಟ್ಕಾ ಚೀಟಿ... ಸಂಜೆ ಹೊತ್ತಿಗೆ ಬೊಟ್ಟು. ಚಿಕ್ಕವ್ವ ಮಾತಾಡಲಿಲ್ಲ, ಮಣ್ಣು ಮೆತ್ತಿದ ಬೊಟ್ಟನ್ನು ಕಣ್ಣಿಗೊತ್ತಿಕೊಂಡಳು.

ಈಗ ಮಾರೋ ಕಥೆ. ಗೊತ್ತಿರುವವರಿಗೆ ಹೇಳಿಟ್ಟಿದ್ದೆ. ಮೂರನೇ ದಿನಕ್ಕೇ ಬೈಕಿನಲ್ಲಿ ಇಬ್ಬರು ಬಂದರು. ಬ್ಯಾಟರಿ, ಬಿಲ್ಲು ಯಾವುದೂ ವಿಚಾರಿಸಲಿಲ್ಲ.

“ಎಷ್ಟಡಿ ಆಳ ನೋಡ್ತದೆ ಸಾರ್?”

“ನಾಣ್ಯ ಆದ್ರೆ ಮುಕ್ಕಾಲು ಅಡಿ ಸಿಕ್ಕರೆ ಪುಣ್ಯ,” ಅಂದೆ.

“ಕಲ್ಲಿನ ಕೆಳಗಿದ್ರೆ?”

ನಾನು ಸುಮ್ಮನಾದೆ. ಇನ್ನೊಬ್ಬ ಹೆಡ್‌ಫೋನ್ ಎತ್ತಿಕೊಂಡು, “ಇದು ಹಾಕೊಂಡ್ರೆ ಸದ್ದು ಆಚೆಗೆ ಕೇಳಾಕಿಲ್ವಲ್ಲಾ?” ಅಂದ. ಹದಿನೆಂಟು ಸಾವಿರ ಎಣಿಸಿ ಜಗಲಿ ಮೇಲೆ ಇಟ್ಟೇಬಿಟ್ಟರು.

ನಿಧಿ ಆಸೆಗೆ ಬಸವನನ್ನು ಉರುಳಿಸಿದ, ಗರ್ಭಗುಡಿ ಅಗೆದ ಸುದ್ದಿ ಎಷ್ಟು ಓದಿಲ್ಲ ನಾವು? ಇವರು ಅಂಥವರೇ ಅಂತ ನನ್ನ ಹತ್ತಿರ ಸಾಕ್ಷಿ ಇಲ್ಲ. ಆದರೆ ನನ್ನ ಯಂತ್ರ ಯಾವ ಗುಡಿ ಮುಂದೆ ಕುಂಯ್ ಅಂದರೂ ಅಲ್ಲಿ ಹಾರೆ ಹಾಕುವ ಕೈಯಲ್ಲಿ ನನ್ನದೂ ಒಂದು. “ಕೆಟ್ಟೋಗದೆ, ಮಾರಲ್ಲ” ಅಂತ ಸುಳ್ಳು ಹೇಳಿ ಕಳಿಸಿದೆ.

ಅವ್ವನಿಗೆ ಸಿಟ್ಟು. “ಮೋಟ್ರು ನಿಮ್ಮಪ್ಪ ಬಂದು ಮಾಡಿಸ್ತಾನಾ?” ಅಂದಳು. ಹೆಡ್‌ಫೋನಿನ ವಿಷಯ ಹೇಳಿದೆ. ಸ್ವಲ್ಪ ಹೊತ್ತು ಬಿಟ್ಟು, “ಬುಡು, ಅಟ್ಟಕ್ಕೇ ಮಡಗು” ಅಂದಳು.

ಕೊನೆಗೆ ಏಸ್ 250, ಚಿಕ್ಕ ಕಾಯಿಲ್, ಪಿನ್‌ಪಾಯಿಂಟರ್ ಇಟ್ಟುಕೊಂಡೆ, ಮತ್ತೆ ಯಾರದಾದರೂ ತಾಳಿ ಕಳೆದರೆ ಇರಲಿ ಅಂತ. ಹಳೇ ಯಂತ್ರ ಬಿಚ್ಚಿ ಬೋರ್ಡು, ಕಾಯಿಲ್ ಎಲ್ಲ ಪಾಲಿಟೆಕ್ನಿಕ್ ಓದುವ ಪಕ್ಕದ ಮನೆ ಹುಡುಗನಿಗೆ ಕೊಟ್ಟೆ. ಸಲಿಕೆ ಅವ್ವನ ಹೂಗಿಡಕ್ಕೆ. ಮಾರಿದ್ದು ಹೆಡ್‌ಫೋನ್ ಒಂದೇ, ಭಜನೆ ತಂಡದ ಕೀಬೋರ್ಡ್ ಹುಡುಗನಿಗೆ, ನಾನೂರು ರೂಪಾಯಿಗೆ.

ಮೋಟರ್ ಸಾಲದಲ್ಲೇ ರಿಪೇರಿ ಆಯ್ತು. ನೀವಾಗಿದ್ದರೆ ಏನು ಮಾಡುತ್ತಿದ್ದಿರಿ?