ಹಿಂಬಂಡಿಯ ರಹದಾರಿ

ಇಂಗ್ಲೆಂಡಿನಲ್ಲಿ ಬರ್ಮಿಂಗ್‌ಹ್ಯಾಮಿನ ಸಮೀಪದಲ್ಲಿ ನೆಲಸಿರುವ ನನ್ನ ಮಗಳೂ ಅಳಿಯನೂ ಒಂದು ಬಿಡಾರದ ಬಂಡಿಯನ್ನು ಇಟ್ಟುಕೊಂಡಿದ್ದಾರೆ. ಅಲ್ಲಿನವರು ಅದನ್ನು ಕ್ಯಾರವಾನು ಎನ್ನುತ್ತಾರೆ. ನಮ್ಮ ವಾಚಕರಲ್ಲಿ ಹಲವರಿಗೆ ಆ ವಸ್ತುವಿನ ಪರಿಚಯವಿಲ್ಲದಿರಬಹುದಾದ್ದರಿಂದ ಎರಡು ಮಾತು ಹೇಳುವುದು ಉಚಿತ. ಮಲಗುವುದಕ್ಕೆ ಮಂಚ, ಅಡಿಗೆಗೆ ಒಲೆ, ಕೈ ತೊಳೆಯಲು ತೊಟ್ಟಿ, ಕಿಟಕಿಗೆ ಪರದೆ, ಇವೆಲ್ಲವೂ ಇರುವ ಒಂದು ಪುಟ್ಟ ಮನೆ. ಅದಕ್ಕೆ ಚಕ್ರಗಳುಂಟು, ಯಂತ್ರವಿಲ್ಲ. ಮೋಟಾರು ಗಾಡಿಯ ಹಿಂದೆ ಒಂದು ಉಕ್ಕಿನ ಗುಂಡಿಗೆ ಅದನ್ನು ಸಿಕ್ಕಿಸಿ ಎಳೆದುಕೊಂಡು ಹೋಗುವುದು. ಬೇಸಗೆಯ ರಜೆ ಬಂದಿತೆಂದರೆ ಆ ದೇಶದ ಹೆದ್ದಾರಿಗಳಲ್ಲಿ ಈ ಬಿಳಿಯ ಪೆಟ್ಟಿಗೆಗಳು ಸಾಲುಗಟ್ಟಿ ಸಮುದ್ರದ ಕಡೆಗೆ ಹೊರಡುತ್ತವೆ. ಹಿಂದೆ ಸಿಕ್ಕಿಕೊಂಡವರು ಶಪಿಸುತ್ತಾರೆ. ಎಳೆಯುವವರು ಅದನ್ನು ಗಣಿಸುವುದಿಲ್ಲ.

ಈ ಚಪಲ ಆಂಗ್ಲರಿಗೆ ಇಂದು ನಿನ್ನೆಯದಲ್ಲ. 1885 ರಲ್ಲಿ ಗಾರ್ಡನ್ ಸ್ಟೇಬಲ್ಸ್ ಎಂಬ ನೌಕಾಪಡೆಯ ನಿವೃತ್ತ ವೈದ್ಯನು ಬ್ರಿಸ್ಟಲಿನ ಬಂಡಿ ಕಾರ್ಖಾನೆಯಲ್ಲಿ 'ವಾಂಡರರ್' ಎಂಬ ಮನೆಬಂಡಿಯನ್ನು ಮಾಡಿಸಿಕೊಂಡು, ಎರಡು ಕುದುರೆಗಳನ್ನು ಹೂಡಿ, ಸ್ಕಾಟ್ಲೆಂಡಿನ ಇನ್ವರ್ನೆಸ್ಸಿನವರೆಗೂ ಪಯಣ ಮಾಡಿದನು. ಎದುರಿನಿಂದ ಬರುವವರನ್ನು ಎಚ್ಚರಿಸುವುದಕ್ಕೆ ಅವನ ಸೇವಕನು ಮೂರು ಚಕ್ರದ ಸೈಕಲ್ಲಿನ ಮೇಲೆ ಮುಂದೆ ಮುಂದೆ ಹೋಗುತ್ತಿದ್ದನಂತೆ. ಇಂಥ ಪ್ರಯಾಣಿಕರ ಸಂಘವೊಂದು 1907 ರಲ್ಲಿಯೇ ಹುಟ್ಟಿತು. ಸ್ಟೇಬಲ್ಸನನ್ನು ಯಾರೂ ರಹದಾರಿ ಕೇಳಲಿಲ್ಲ. ಕುದುರೆಗಳಿಗೆ ಪರೀಕ್ಷೆಯೂ ಇರಲಿಲ್ಲ.

ರಹದಾರಿಯ ಕಥೆ ಮೋಟಾರಿನೊಡನೆ ಬಂದಿತು. 1903 ರ ಕಾನೂನು ಚಾಲಕನಿಗೆ ಪರವಾನಗಿ ಬೇಕೆಂದಿತು. ಆದರೆ ಅದು ಹಣ ಕೊಟ್ಟವರಿಗೆಲ್ಲ ದೊರೆಯುವ ಚೀಟಿ. ಪರೀಕ್ಷೆ ಕಡ್ಡಾಯವಾದದ್ದು 1935 ರ ಜೂನ್ 1 ರಿಂದ. ಆಗಲೂ 1934 ರ ಏಪ್ರಿಲ್ 1 ಕ್ಕೆ ಮೊದಲು ಗಾಡಿ ನಡೆಸಲಾರಂಭಿಸಿದ್ದವರಿಗೆ ಪರೀಕ್ಷೆಯಿಲ್ಲ. ಹಿಂದಿನವರಿಗೆ ಹಕ್ಕು, ಮುಂದಿನವರಿಗೆ ಪರೀಕ್ಷೆ ಎಂಬ ಈ ನ್ಯಾಯವನ್ನು ವಾಚಕರು ಸ್ವಲ್ಪ ನೆನಪಿನಲ್ಲಿಟ್ಟುಕೊಳ್ಳಬೇಕು. ನಮ್ಮ ಮನೆಯ ಜಗಳಕ್ಕೂ ಮೂಲ ಅದೇ.

1997 ರ ಜನವರಿ 1 ಕ್ಕೆ ಮೊದಲು ಕಾರಿನ ಪರೀಕ್ಷೆಯಲ್ಲಿ ತೇರ್ಗಡೆಯಾದ ಬ್ರಿಟಿಷ್ ಚಾಲಕನು, ಗಾಡಿಯೂ ಹಿಂಬಂಡಿಯೂ ಕೂಡಿ 8,250 ಕಿಲೋ ಮೀರದವರೆಗೆ, ಸಾಮಾನ್ಯವಾಗಿ ಏನನ್ನಾದರೂ ಎಳೆಯಬಹುದು. ಆ ದಿನವೋ ಅದರಾಚೆಯೋ ತೇರ್ಗಡೆಯಾದವನ ಪಾಡೇ ಬೇರೆಯಾಯಿತು. ಹಿಂಬಂಡಿ 750 ಕಿಲೋ ಮೀರಿದರೆ, ಎರಡೂ ಕೂಡಿ 3,500 ಕಿಲೋ ದಾಟಕೂಡದು. ದಾಟುವುದಾದರೆ ಮತ್ತೊಂದು ಪರೀಕ್ಷೆ. ಇಲ್ಲಿ ಒಂದು ಸೂಕ್ಷ್ಮವಿದೆ. ಈ ತೂಕ ತಕ್ಕಡಿಯಲ್ಲಿ ತೂಗಿದ ತೂಕವಲ್ಲ. ಗಾಡಿ ಹೊರಬಹುದೆಂದು ತಯಾರಕನು ತಗಡಿನ ಮೇಲೆ ಕೆತ್ತಿಸಿದ ಪರಮಾವಧಿಯ ತೂಕ. ಬರಿಯ ಬಂಡಿಯನ್ನೆಳೆದರೂ ತುಂಬಿದ ಬಂಡಿಯ ಲೆಕ್ಕವೇ. ತಗಡಿನಲ್ಲಿ 2,000 ಎಂದಿರುವ ಕಾರು 1,500 ರ ಕ್ಯಾರವಾನನ್ನು ಎಳೆಯಬಹುದು. 1,600 ರದು ಖಾಲಿಯಾಗಿದ್ದರೂ ಅಪರಾಧ. ನನ್ನ ಅಳಿಯನು ಈ ಗಣಿತದ ಬಲಿಪಶು. ಅವನು ನಮ್ಮ ದೇಶದ ರಹದಾರಿಯಿಂದ ಅಲ್ಲಿ ಒಂದು ವರ್ಷ ಗಾಡಿ ನಡೆಸಿ, ಆಮೇಲೆ ಆ ದೇಶದ ಪರೀಕ್ಷೆಗೆ ಕುಳಿತು ಗೆದ್ದವನು. ಪಕ್ಕದ ಮನೆಯ ವೃದ್ಧರಾದರೋ ಎಷ್ಟೋ ದಶಕಗಳ ಹಿಂದೆ ಒಂದು ಸಣ್ಣ ಕಾರಿನಲ್ಲಿ ಪರೀಕ್ಷೆ ಕೊಟ್ಟವರು. ಎಂದೂ ಯಾರೂ ಅವರ ಹಿಂಬಂಡಿಯ ವಿದ್ಯೆಯನ್ನು ಪರೀಕ್ಷಿಸಿಲ್ಲ. ಅವರು ತಮ್ಮ ಭಾರಿ ಕ್ಯಾರವಾನನ್ನು ಕಟ್ಟಿಕೊಂಡು ಕೈಬೀಸಿ ಹೊರಟುಹೋಗುತ್ತಿದ್ದರು. ಇವನು ಶುಲ್ಕ ತೆತ್ತು, ರಜೆ ಹಾಕಿ, ಪರೀಕ್ಷೆಗೆ ಅಭ್ಯಾಸ ಮಾಡುತ್ತಿದ್ದನು.

ಆ ಪರೀಕ್ಷೆ ಸುಲಭವಾದದ್ದಲ್ಲ. ಹಿಂಬಂಡಿಯನ್ನು ಬಿಚ್ಚಿ ಮತ್ತೆ ಕಟ್ಟಬೇಕು. ಕೊಂಡಿ ಕಳಚಿದರೆ ತಾನೇ ಬಿಗಿತಡೆ ಹಾಕುವ ಸಣ್ಣ ತಂತಿಯನ್ನು ಮರೆಯದೆ ಸಿಕ್ಕಿಸಬೇಕು. ರಸ್ತೆಯಲ್ಲಿ ಸುಮಾರು ಒಂದು ಗಂಟೆ ನಡೆಸಬೇಕು. ಎಲ್ಲಕ್ಕಿಂತ ಕಠಿನವಾದದ್ದು ಹಿಮ್ಮೆಟ್ಟಿಸುವುದು. ಹಿಂಬಂಡಿಯ ಸ್ವಭಾವ ಹಟಮಾರಿ ಸೊಸೆಯದು: ಎಡಕ್ಕೆ ಹೋಗೆಂದರೆ ಬಲಕ್ಕೆ ಹೋಗುತ್ತದೆ. ಚಕ್ರವನ್ನು ಎಡಕ್ಕೆ ತಿರುಗಿಸಿದರೆ ಕಾರಿನ ಹಿಂಭಾಗ ಎಡಕ್ಕೆ ಸರಿದು ಬಂಡಿಯ ಮೂತಿಯನ್ನು ಆ ಕಡೆಗೆ ನೂಕುವುದರಿಂದ ಬಂಡಿಯ ಹಿಂಭಾಗ ಬಲಕ್ಕೆ ಹೊರಡುತ್ತದೆ. ಅಲ್ಲಿನ ಗುರುಗಳು ಒಂದು ಉಪಾಯ ಹೇಳಿಕೊಡುತ್ತಾರೆ: ಕೈಯನ್ನು ಚಕ್ರದ ಕೆಳತುದಿಯಲ್ಲಿಡು; ಬಂಡಿ ಯಾವ ಕಡೆಗೆ ಹೋಗಬೇಕೋ ಕೈಯೂ ಆ ಕಡೆಗೇ ಸರಿಯಲಿ. ಅಳಿಯನು ಮೊದಲ ಸಲ ಸೋತು ಎರಡನೆಯ ಸಲ ಗೆದ್ದನು. ಆ ದಿನ ಮನೆಯಲ್ಲಿ ಪಾಯಸವಾಯಿತೆಂದು ಮಗಳು ಬರೆದಿದ್ದಳು.

ಅಷ್ಟರಲ್ಲಿ 2021 ಬಂದಿತು. ಬ್ರಿಟನ್ನಿನಲ್ಲಿ ಲಾರಿ ಚಾಲಕರ ಕೊರತೆ ಬಿದ್ದು ಅಂಗಡಿಯ ಕಪಾಟುಗಳು ಬರಿದಾಗತೊಡಗಿದವು. ಲಾರಿಯವರನ್ನು ಬೇಗ ಬೇಗ ಪರೀಕ್ಷಿಸಲು ಪರೀಕ್ಷಕರು ಬೇಕು. ಅವರ ಹೊತ್ತನ್ನು ಎಲ್ಲಿಂದ ತರುವುದು? ಹಿಂಬಂಡಿಯ ಪರೀಕ್ಷೆಯನ್ನೇ ಎತ್ತಿಹಾಕಿದರು. ಸೆಪ್ಟೆಂಬರ್ 20 ಕ್ಕೆ ಪರೀಕ್ಷೆ ನಿಂತಿತು. ಹೊಸ ಹಕ್ಕು ಜಾರಿಗೆ ಬಂದದ್ದು ಡಿಸೆಂಬರ್ 16 ಕ್ಕೆ. ನಡುವಣ ಸುಮಾರು ಮೂರು ತಿಂಗಳು, ಪರೀಕ್ಷೆ ಕೊಡೋಣವೆಂದರೆ ಪರೀಕ್ಷೆಯಿಲ್ಲ, ಎಳೆಯೋಣವೆಂದರೆ ಅಪ್ಪಣೆಯಿಲ್ಲ ಎಂಬ ತ್ರಿಶಂಕು ಸ್ಥಿತಿ. ಆಮೇಲೆ 1997 ರ ಈಚೆಗೆ ಕಾರಿನ ಪರೀಕ್ಷೆಯಲ್ಲಿ ಗೆದ್ದವರೆಲ್ಲರೂ 3,500 ಕಿಲೋವರೆಗಿನ ಹಿಂಬಂಡಿಯನ್ನು ಎಳೆಯಬಹುದೆಂದಾಯಿತು. ಜನರ ಕೈ ಪಳಗಿತೆಂದು ಕೊಟ್ಟ ಹಕ್ಕಲ್ಲ ಇದು. ಪರೀಕ್ಷಕನಿಗೆ ಪುರುಸೊತ್ತಿಲ್ಲವೆಂದು ಕೊಟ್ಟದ್ದು. ಹೀಗೆ ನನ್ನ ಮಗಳಿಗೆ, ಒಂದು ದಿನವೂ ಹಿಂಬಂಡಿಯನ್ನು ಮುಟ್ಟದಿದ್ದವಳಿಗೆ, ಒಂದು ಬೆಳಗ್ಗೆ ಎದ್ದಾಗ ಆ ವಿದ್ಯೆ ಸರಕಾರದ ಕೃಪೆಯಿಂದ ಬಂದುಬಿಟ್ಟಿತ್ತು.

2023 ರ ಬೇಸಗೆಯಲ್ಲಿ ನಾನು ಅಲ್ಲಿಗೆ ಹೋದಾಗ ಈ ಹಕ್ಕು ಪ್ರಯೋಗಕ್ಕೆ ಬಂದಿತು. ಡೆವನ್ನಿನ ಕಡಲ ಕರೆಯಲ್ಲಿ ಬಿಡಾರಕ್ಕೆ ಜಾಗ ಗೊತ್ತುಮಾಡಿಯಾಗಿತ್ತು. ಆ ವೇಳೆಗೆ ಅಳಿಯನ ಭುಜಕ್ಕೆ ಶಸ್ತ್ರಚಿಕಿತ್ಸೆಯಾಗಿ, ಆರು ವಾರ ಗಾಡಿ ಹಿಡಿಯಕೂಡದೆಂದು ವೈದ್ಯರು ಕಟ್ಟಪ್ಪಣೆ ಮಾಡಿದರು. ಮಕ್ಕಳಿಬ್ಬರ ಮುಖ ಬಾಡಿತು. "ನಾನು ನಡೆಸುತ್ತೇನೆ, ಕಾನೂನು ಬೇಡವೆನ್ನುವುದಿಲ್ಲ" ಎಂದಳು ಮಗಳು. "ಕಾನೂನು ನಿನಗೆ ಕಾಗದ ಕೊಟ್ಟಿದೆ, ಕೈ ಕೊಟ್ಟಿಲ್ಲ" ಎಂದನು ಅಳಿಯ. "ಪಕ್ಕದ ಮನೆಯವರಿಗೆ ಯಾರು ಕೊಟ್ಟರು?" ಎಂದು ಅವಳು. ಎರಡು ದಿನ ಮನೆಯಲ್ಲಿ ಮಾತು ಕಡಮೆಯಾಯಿತು. ಅವನ ಭಯ ನಿಜವಾದದ್ದು, ಹಿಂದಿನ ಆಸನದಲ್ಲಿ ಕೂರುವವರು ಅವನ ಮಕ್ಕಳು. ಆದರೆ ಅವನ ದನಿಯಲ್ಲಿ, ತಾನು ಬೆವರು ಸುರಿಸಿ ಪಡೆದದ್ದು ಇವಳಿಗೆ ಬಿಟ್ಟಿಯಾಗಿ ಬಂದಿತಲ್ಲಾ ಎಂಬ ಕಹಿಯೂ ಇತ್ತೆಂದು ನನಗೆ ತೋರಿತು. ನಾನು ಮಾವನ ಸ್ಥಾನದಲ್ಲಿದ್ದುದರಿಂದ ಬಾಯಿ ಬಿಡಲಿಲ್ಲ.

ಮೂರನೆಯ ದಿನ ಅವಳು ಯಾರನ್ನೂ ಕೇಳದೆ ಒಬ್ಬ ಶಿಕ್ಷಕನನ್ನು ಗೊತ್ತುಮಾಡಿಕೊಂಡು ಬಂದಳು. ಪರೀಕ್ಷೆ ಹೋದರೂ ಕಲಿಸುವವರು ಹೋಗಿರಲಿಲ್ಲ. ಎರಡು ದಿನ ಒಂದು ವಿಶಾಲವಾದ ಬಯಲಿನಲ್ಲಿ ಅವಳು ಹಿಂದಕ್ಕೂ ಮುಂದಕ್ಕೂ ಬಂಡಿಯನ್ನಾಡಿಸಿದಳು. ಸಂಜೆ ಅವಳು ಹೇಳಿದ ಪಾಠದಲ್ಲಿ ನನಗೆ ಒಂದು ಭಾಗ ಹಳೆಯ ಪರಿಚಯವೆನಿಸಿತು. ಭಾರವಾದ ಸಾಮಾನು ನೆಲಮಟ್ಟದಲ್ಲಿ, ಅಚ್ಚಿನ ಸಮೀಪದಲ್ಲಿರಬೇಕು. ಬಂಡಿಯ ಒಟ್ಟು ತೂಕದಲ್ಲಿ ನೂರಕ್ಕೆ 5 ರಿಂದ 7 ಪಾಲು ಮುಂದಿನ ಕೊಂಡಿಯ ಮೇಲೆ ಬೀಳಬೇಕು. ಹಿಂಭಾರವಾದರೆ ಬಂಡಿ ಹಾವಿನಂತೆ ತೊನೆಯುತ್ತದೆ. ಎತ್ತಿನ ಗಾಡಿಗೆ ಹುಲ್ಲು ಹೇರುವ ನಮ್ಮ ರೈತನಿಗೆ ಇದನ್ನು ಯಾರು ಹೇಳಿಕೊಡಬೇಕು? ಹಿಂದೆ ಹೆಚ್ಚಾದರೆ ಮೂಕಿ ಮೇಲೆದ್ದು ಎತ್ತಿನ ಕೊರಳು ಬಿಗಿಯುತ್ತದೆ, ಮುಂದೆ ಹೆಚ್ಚಾದರೆ ನೊಗ ಹೆಗಲನ್ನು ತಿನ್ನುತ್ತದೆ. ಎತ್ತು ತನ್ನ ಕಷ್ಟವನ್ನು ನಿಂತು ತಿಳಿಸುತ್ತದೆ, ಮೋಟಾರು ತಿಳಿಸುವುದಿಲ್ಲ. ಕಬ್ಬಿನ ಕಾಲದಲ್ಲಿ ಮಂಡ್ಯದ ರಸ್ತೆಗಳಲ್ಲಿ ಟ್ರ್ಯಾಕ್ಟರಿಗೆ ಟ್ರೈಲರು ಕಟ್ಟಿ ಹೋಗುವ ಹುಡುಗರನ್ನು ಕಂಡವರಿಗೆ ನಮ್ಮಲ್ಲಿಯೂ ಈ ಪ್ರಶ್ನೆ ಇದೆಯೆಂದು ಗೊತ್ತು. ಟ್ರ್ಯಾಕ್ಟರಿನ ರಹದಾರಿಯುಳ್ಳವನು ಅದಕ್ಕೆ ಟ್ರೈಲರು ಕಟ್ಟಿದ ಮಾತ್ರಕ್ಕೆ ಆ ರಹದಾರಿ ನಿಷ್ಫಲವಾಗದೆಂದು ನಮ್ಮ ಸರ್ವೋಚ್ಚ ನ್ಯಾಯಾಲಯವು 2001 ರಲ್ಲಿಯೇ ತೀರ್ಪು ಕೊಟ್ಟಿದೆ. ಅದು ವಿಮೆಯ ಹಣದ ವ್ಯಾಜ್ಯ; ಕೈಚಳಕದ ಪ್ರಶ್ನೆ ಅಲ್ಲಿ ಏಳಲಿಲ್ಲ.

ಹೊರಟೆವು. ಕಾರಿನ ಎರಡು ಕಡೆಗೂ ಉದ್ದನೆಯ ಕನ್ನಡಿಗಳನ್ನು ತೊಡಿಸಿದ್ದಳು. ಬಂಡಿ ಕಟ್ಟಿದ ಕಾರಿಗೆ ಹೆದ್ದಾರಿಯಲ್ಲಿ ಗಂಟೆಗೆ 60 ಮೈಲಿಯೇ ಮೇರೆ. ಮೂರು ಸಾಲಿನ ರಸ್ತೆಯಲ್ಲಿ ಬಲತುದಿಯ ಸಾಲಿಗೆ ಹೋಗುವಂತಿಲ್ಲ. ಬ್ರಿಸ್ಟಲನ್ನು ದಾಟಿದ ಮೇಲೆ ಒಂದು ಇಳಿಜಾರಿನಲ್ಲಿ ಎತ್ತರದ ಬಸ್ಸೊಂದು ಬಲಗಡೆಯಿಂದ ರಭಸವಾಗಿ ಹಾದುಹೋಯಿತು. ಅದರ ಗಾಳಿ ತಗುಲಿ ನಮ್ಮ ಬಂಡಿ ಒಮ್ಮೆ ಎಡಕ್ಕೆ, ಒಮ್ಮೆ ಬಲಕ್ಕೆ ತೊನೆದು, ಕಾರಿನ ಬೆನ್ನನ್ನೇ ಹಿಡಿದು ಅಲುಗಿಸಿತು. ಅಳಿಯನ ಕಾಲು ಇಲ್ಲದ ಬಿಗಿತಡೆಯನ್ನು ಹುಡುಕಿ ನೆಲವನ್ನು ಒತ್ತಿದ್ದನ್ನು ನಾನು ಕಂಡೆನು. ಮಗಳು ಬಿಗಿತಡೆಯನ್ನು ಮುಟ್ಟಲಿಲ್ಲ. ವೇಗದ ಮೆಟ್ಟನ್ನು ಮೆಲ್ಲಗೆ ಸಡಿಲಿಸಿದಳು. ಚಕ್ರವನ್ನು ನೇರವಾಗಿ ಹಿಡಿದಳು. ನಾಲ್ಕೈದು ತೊನೆತದಲ್ಲಿ ಬಂಡಿ ಸಮಾಧಾನಕ್ಕೆ ಬಂದಿತು. ಯಾರೂ ಮಾತನಾಡಲಿಲ್ಲ. ಹಿಂದೆ ಮಕ್ಕಳು ನಿದ್ರಿಸುತ್ತಿದ್ದರು. ಹತ್ತು ಮೈಲಿ ಹೋದ ಮೇಲೆ ಅಳಿಯನು, "ಅದನ್ನು ಆ ಶಿಕ್ಷಕ ಹೇಳಿದನೋ?" ಎಂದನು. "ಹೂಂ." "ನನ್ನ ಪರೀಕ್ಷೆಯಲ್ಲಿ ಯಾರೂ ಅದನ್ನು ಕೇಳಲಿಲ್ಲ."

ಡೆವನ್ನಿನ ಮೈದಾನದಲ್ಲಿ ನಮ್ಮ ಜಾಗ ಎರಡು ಬೇಲಿಗಳ ನಡುವೆ ಇತ್ತು. ಸುತ್ತಲಿನವರೆಲ್ಲ ಕುರ್ಚಿಗಳನ್ನು ಹೊರಗೆ ಹಾಕಿಕೊಂಡು ನೋಡುತ್ತಿದ್ದರು. ಹೊಸಬರು ಹಿಮ್ಮೆಟ್ಟಿಸುವುದನ್ನು ನೋಡುವುದು ಅಲ್ಲಿನ ಸಂಜೆಯ ನಾಟಕ. ಒಬ್ಬ ಮುದುಕರು ಸಹಾಯಕ್ಕೆ ಬಂದರು. ಮಗಳು ನಯವಾಗಿ ಬೇಡವೆಂದಳು. ಮೂರು ಸಲ ಬಂಡಿ ಸೊಟ್ಟಗಾಗಿ ಮತ್ತೆ ಮುಂದಕ್ಕೆ ಎಳೆದುಕೊಂಡಳು. ನಾಲ್ಕನೆಯ ಸಲ ಅಳಿಯನು, ಕಟ್ಟು ಹಾಕಿದ ಭುಜದವನು, ಹಿಂದೆ ನಿಂತು ಒಳ್ಳೆಯ ಕೈಯಿಂದ ಸನ್ನೆ ಮಾಡಿದನು. ಬಂಡಿ ಜಾಗಕ್ಕೆ ಸೇರಿತು. ದೊಡ್ಡ ಮೊಮ್ಮಗನು ಚಕ್ರಕ್ಕೆ ಅಡ್ಡಗಟ್ಟೆ ಕೊಟ್ಟು, ಒಳಗೆ ಹೋಗಿ ಒಲೆ ಹೊತ್ತಿಸಲೇ ಎಂದು ಕೂಗಿ ಕೇಳಿದನು.